ಐದು ಗುಂಡೂ ಒಂದೇ ತೂತಲ್ಲಿ ಬಿದ್ದವು, ಮುಂದಿನ ವಾರ ಯಾಕೆ ಚದುರಿದವು?

ಓದುಗರ ಪ್ರಶ್ನೆ: ನನ್ನ .22 ರೈಫಲ್‌ಗೆ ಯಾವ ಗುಂಡು ಹೊಂದುತ್ತದೆ ಎಂದು ನೋಡಲು ನಾಲ್ಕು ಬಗೆಯ ಬಾಕ್ಸ್ ತಂದು 50 ಮೀಟರ್ ರೇಂಜ್‌ನಲ್ಲಿ ಹೊಡೆದೆ. ಪ್ರತಿ ಬಗೆಗೂ ಐದು ಗುಂಡಿನ ಒಂದು ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಐದು ತೂತುಗಳ ಗುಂಪು. ಒಂದು ಬಗೆಯಲ್ಲಿ ಐದೂ ಒಂದೇ ತೂತಲ್ಲಿ ಬಿದ್ದ ಹಾಗೆ ಬಂತು. ಖುಷಿಯಾಗಿ ಅದನ್ನೇ ಜಾಸ್ತಿ ಕೊಂಡೆ. ಮುಂದಿನ ವಾರ ಅದೇ ಗುಂಡು ಚೆಲ್ಲಾಪಿಲ್ಲಿ. ತಪ್ಪು ರೈಫಲ್‌ನದ್ದಾ, ಗುಂಡಿನದ್ದಾ, ನನ್ನದಾ?

ಉತ್ತರ: ಮೊದಲು ಎರಡೂ ಸಲ ತಂದ ಬಾಕ್ಸ್‌ಗಳ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಗುರುತು) ಹೋಲಿಸಿ ನೋಡಿ. ಹೆಸರು ಒಂದೇ, ಬಣ್ಣ ಒಂದೇ ಇರಬಹುದು. ಲಾಟ್ ಬೇರೆಯಾದರೆ ನಿಮ್ಮ ರೈಫಲ್‌ನ ಮಟ್ಟಿಗೆ ಅದು ಬೇರೆ ಗುಂಡು. ಲಾಟ್ ಕೂಡ ಒಂದೇ ಆಗಿದ್ದರೆ, ರೈಫಲ್ ಕೆಟ್ಟಿಲ್ಲ, ನಿಮ್ಮ ಕೈಯೂ ಕೆಟ್ಟಿಲ್ಲ ಎಂದೇ ನನ್ನ ಅನಿಸಿಕೆ. ಪರೀಕ್ಷೆ ತೀರಾ ಚಿಕ್ಕದಾಯಿತು.

ಲೆಕ್ಕ ಹೀಗಿದೆ. ಒಂದು ಬಗೆಯ ಗುಂಡು ನಿಮ್ಮ ರೈಫಲ್‌ನಲ್ಲಿ ಸರಾಸರಿ 15 ಮಿಲಿಮೀಟರ್ ಗ್ರೂಪ್ ಕೊಡುತ್ತದೆ ಎಂದುಕೊಳ್ಳಿ. ಅಂದರೆ ಐದು ಗುಂಡುಗಳಲ್ಲಿ ಅತಿ ದೂರ ಬಿದ್ದ ಎರಡರ ನಡುವಿನ ಅಂತರ 15. ಅದೇ ಬಾಕ್ಸ್, ಅದೇ ಕೈ, ಅದೇ ಗಾಳಿ. ಆದರೂ ಒಂದು ಗ್ರೂಪ್ 11 ಬರುತ್ತದೆ, ಇನ್ನೊಂದು 19 ಬರುತ್ತದೆ. ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಕೆಲವೊಮ್ಮೆ 9 ಕೂಡ ಬಂದೀತು. ಈಗ ನಾಲ್ಕು ಬಗೆಗೆ ಒಂದೊಂದೇ ಗ್ರೂಪ್ ಹೊಡೆದು, ಅದರಲ್ಲಿ ಚಿಕ್ಕದನ್ನು ಆರಿಸಿದರೆ ಏನಾಗುತ್ತದೆ? ನಾಲ್ಕೂ ಬಗೆ ನಿಜದಲ್ಲಿ ಒಂದೇ ಮಟ್ಟದವಾಗಿದ್ದರೂ ಒಂದಕ್ಕೆ ಆ ದಿನ ಅದೃಷ್ಟ ಒಲಿದಿರುತ್ತದೆ. ನೀವು ಆರಿಸಿದ್ದು ಆ ಅದೃಷ್ಟವನ್ನು. ಮುಂದಿನ ವಾರ ಅದು ಜೊತೆಗೆ ಬರಲಿಲ್ಲ.

ಮೂರು ಗುಂಡಿನ ಗ್ರೂಪ್ ಅಂತೂ ಇನ್ನೂ ಮೋಸ. ಐದರಲ್ಲಿ 15 ಮಿಲಿಮೀಟರ್ ಕೊಡುವ ಗುಂಡು ಮೂರರಲ್ಲಿ ಸುಮಾರು 12, ಹತ್ತರಲ್ಲಿ ಸುಮಾರು 19 ಕೊಡುತ್ತದೆ. ಗುಂಡು ಬದಲಾಗಿಲ್ಲ, ಎಣಿಕೆ ಬದಲಾಗಿದೆ. ಹಾಗಾಗಿ ಯಾರಾದರೂ ಚಿಕ್ಕ ಗ್ರೂಪ್ ತೋರಿಸಿದರೆ ಮೊದಲು ಎಷ್ಟು ಗುಂಡು ಹೊಡೆದಿರಿ ಎಂದು ಕೇಳಿ. ಆಮೇಲೆ ಅಂಥದ್ದು ಎಷ್ಟು ಸಲ ಬಂತು ಎಂದು ಕೇಳಿ.

ಗುಂಡಿನಿಂದ ಗುಂಡಿಗೆ ಇಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ? ನಾವು ಹೊಡೆಯುವ .22 ಲಾಂಗ್ ರೈಫಲ್ ಎಂಬ ಕಾರ್ಟ್ರಿಜ್ (ಕೇಸ್, ಪುಡಿ, ಗುಂಡು ಸೇರಿದ ತೋಟಾ) 1887ರಲ್ಲಿ ಬಂದ ವಿನ್ಯಾಸ. ಇದರಲ್ಲಿ ಪುಡಿಗೆ ಕಿಡಿ ಹೊತ್ತಿಸುವ ಪ್ರೈಮರ್ ಬೇರೆಯಾಗಿ ಇರುವುದಿಲ್ಲ. ಹಿತ್ತಾಳೆ ಕೇಸ್‌ನ ತಳದ ಅಂಚು ಟೊಳ್ಳಾಗಿರುತ್ತದೆ, ಹೊತ್ತಿಸುವ ಮಸಾಲೆಯನ್ನು ಕೇಸ್ ಗಿರಗಿರ ತಿರುಗಿಸಿ ಆ ಟೊಳ್ಳಿನೊಳಗೆ ಹರಡಿಸುತ್ತಾರೆ. ಪಿನ್ ಬಡಿಯುವ ಜಾಗದಲ್ಲಿ ಮಸಾಲೆ ಸ್ವಲ್ಪ ಹೆಚ್ಚೋ ಕಡಿಮೆಯೋ ಆದರೆ ಹೊತ್ತುವ ರೀತಿಯೇ ಬದಲಾಗುತ್ತದೆ. ಒಳಗಿನ ಪುಡಿಯೂ ಒಂದು ಗ್ರಾಂನ ಹತ್ತನೇ ಒಂದು ಭಾಗದ ಆಸುಪಾಸು ಅಷ್ಟೇ. ಅಷ್ಟು ಚೂರಿನಲ್ಲಿ ಎಳ್ಳಷ್ಟು ಹೆಚ್ಚುಕಮ್ಮಿಯಾದರೂ ವೇಗದಲ್ಲಿ ಕಾಣಿಸಿಕೊಳ್ಳುತ್ತದೆ. ಪಿನ್ ಕೇಸ್‌ನ ತಳದ ನಡುವಿಗೆ ಬಡಿಯುವ ದೊಡ್ಡ ಸೆಂಟರ್‌ಫೈರ್ ರೈಫಲ್‌ನವರು ತಮ್ಮ ಕಾರ್ಟ್ರಿಜ್ ತಾವೇ ತುಂಬಿಕೊಂಡು ರೈಫಲ್‌ಗೆ ಹೊಂದಿಸಿಕೊಳ್ಳುತ್ತಾರೆ. ನಮಗೆ ಆ ದಾರಿ ಇಲ್ಲ. ಕಾರ್ಖಾನೆ ಕೊಟ್ಟದ್ದರಲ್ಲಿ ನಮ್ಮ ಬ್ಯಾರೆಲ್ ಒಪ್ಪುವುದನ್ನು ಹುಡುಕಬೇಕು. ಅದಕ್ಕೇ ಈ ಪರೀಕ್ಷೆ .22 ಶೂಟರ್‌ಗೆ ಇಷ್ಟೊಂದು ಮುಖ್ಯ.

ವೇಗ ಬದಲಾದರೆ ಟಾರ್ಗೆಟ್ ಮೇಲೆ ಏನಾಗುತ್ತದೆ ನೋಡಿ. ಸ್ಟ್ಯಾಂಡರ್ಡ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಂದರೆ ಶಬ್ದದ ವೇಗಕ್ಕಿಂತ ತುಸು ಕೆಳಗೆ. 50 ಮೀಟರ್ ತಲುಪುವಷ್ಟರಲ್ಲಿ ಅದು ಹೊರಟ ಗೆರೆಯಿಂದ ಸುಮಾರು 125 ಮಿಲಿಮೀಟರ್ ಕೆಳಗಿಳಿದಿರುತ್ತದೆ. ಸೆಕೆಂಡಿಗೆ 10 ಮೀಟರ್ ವೇಗ ಕಡಿಮೆಯಾದರೆ ಇನ್ನೂ 7-8 ಮಿಲಿಮೀಟರ್ ಕೆಳಗೆ ಬೀಳುತ್ತದೆ. 50 ಮೀಟರ್ ಸ್ಪರ್ಧೆಯ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲವೇ 10.4 ಮಿಲಿಮೀಟರ್! 100 ಮೀಟರ್‌ಗೆ ಹೋದರೆ ಈ ವ್ಯತ್ಯಾಸ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಹಾಗಾಗಿ ತೂತುಗಳು ಮೇಲೆ ಕೆಳಗೆ ಉದ್ದಕ್ಕೆ ಸಾಲಾಗಿ ಬಿದ್ದರೆ ಗುಂಡಿನ ವೇಗ ಏರಿಳಿಯುತ್ತಿದೆ ಎಂದು ಅನುಮಾನಿಸಿ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಖಚಿತ ಮಾಡಿಕೊಳ್ಳಬಹುದು.

ಅಡ್ಡಕ್ಕೆ ಚದುರಿದರೆ ಗಾಳಿ. ಸೆಕೆಂಡಿಗೆ 1 ಮೀಟರ್ ಅಡ್ಡಗಾಳಿ ಅಂದರೆ ಮುಖಕ್ಕೆ ತಾಗಿತೋ ಇಲ್ಲವೋ ಅನ್ನುವಷ್ಟು. ಅಷ್ಟೇ ಗಾಳಿ 50 ಮೀಟರ್‌ನಲ್ಲಿ ಗುಂಡನ್ನು ಸುಮಾರು 6 ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಹೈ ವೆಲಾಸಿಟಿ ಗುಂಡು ತಂದರೆ ಗಾಳಿಯಿಂದ ಪಾರಾಗಬಹುದು ಎಂದು ಹಲವರು ನಂಬುತ್ತಾರೆ. ಆಗುವುದು ಉಲ್ಟಾ. ಶಬ್ದದ ವೇಗ ದಾಟಿ ಹೊರಟ ಗುಂಡು ಬೇಗ ವೇಗ ಕಳೆದುಕೊಳ್ಳುತ್ತದೆ. ಹೀಗೆ ಕಳೆದುಕೊಂಡಷ್ಟೂ ಗಾಳಿ ಅದನ್ನು ಹೆಚ್ಚು ಸರಿಸುತ್ತದೆ. ಸಾಧ್ಯವಾದರೆ ಒಳಾಂಗಣ ರೇಂಜ್‌ನಲ್ಲಿ ಪರೀಕ್ಷೆ ಮಾಡಿ. ಇಲ್ಲದಿದ್ದರೆ ಬೆಳಗಿನ ಶಾಂತ ಹೊತ್ತು ಹಿಡಿಯಿರಿ. ರೇಂಜ್‌ನವರ ಒಪ್ಪಿಗೆ ಪಡೆದು ದಾರಿಯಲ್ಲಿ ಎರಡು ಕಡೆ ರಿಬ್ಬನ್ ಕಟ್ಟಿಸಿ, ಅದು ಒಂದೇ ರೀತಿ ತೂಗುವಾಗ ಮಾತ್ರ ಹೊಡೆಯಿರಿ.

ಗಾಳಿಯ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಬಗೆಯನ್ನು ಬೆಳಗ್ಗೆ ಹೊಡೆದೆ, ಇನ್ನೊಂದನ್ನು ಮಧ್ಯಾಹ್ನ. ಮಧ್ಯಾಹ್ನದ್ದು ಪೂರಾ ಹರಡಿತು, ಅದನ್ನು ಪಕ್ಕಕ್ಕಿಟ್ಟೆ. ತಿಂಗಳುಗಳ ನಂತರ ಕ್ರಮ ತಿರುಗಿಸಿ ಹೊಡೆದಾಗ ಎರಡೂ ಸಮಸಮ ಬಂದವು. ಆ ಮಧ್ಯಾಹ್ನ ಗಾಳಿ ಎದ್ದಿತ್ತು, ನಾನು ಬರೆದುಕೊಂಡಿರಲಿಲ್ಲ. ಅಂದಿನಿಂದ ಪ್ರತಿ ಟಾರ್ಗೆಟ್ ಹಾಳೆಯ ಮೂಲೆಯಲ್ಲಿ ಲಾಟ್ ನಂಬರ್, ಹೊತ್ತು, ಗಾಳಿ, ಬಿಸಿಲು, ಎಷ್ಟನೇ ಗ್ರೂಪ್ ಎಂದು ಬರೆಯದೆ ಮುಂದಿನ ಹಾಳೆ ಹಾಕುವುದಿಲ್ಲ.

ಈಗ ಹೊಡೆಯುವ ಕ್ರಮ. ಮುಂದೆ ಅಲುಗದ ರೆಸ್ಟ್, ಹಿಂದೆ ಮರಳಿನ ಚೀಲ. ರೆಸ್ಟ್ ರೈಫಲ್‌ನ ಮರದ ಭಾಗಕ್ಕೆ, ಅಂದರೆ ಸ್ಟಾಕ್‌ಗೆ ತಾಗಬೇಕು, ಬ್ಯಾರೆಲ್‌ಗೆ ತಾಗಬಾರದು. ಸ್ಕೋಪ್ ಮೌಂಟ್‌ನ ಸ್ಕ್ರೂ ಮತ್ತು ಸ್ಟಾಕ್‌ನ ಸ್ಕ್ರೂ ಬಿಗಿಯಾಗಿವೆಯಾ ನೋಡಿ. ಇವು ಸಡಿಲವಿದ್ದರೆ ನೀವು ಅಳೆಯುವುದು ಸ್ಕ್ರೂವನ್ನು, ಗುಂಡನ್ನಲ್ಲ.

ಗುಂಡಿನ ಬಗೆ ಬದಲಿಸಿದ ಮೇಲೆ ಮೊದಲ ಹತ್ತು ಹದಿನೈದು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. .22ರ ಸೀಸದ ಗುಂಡಿನ ಮೈಗೆ ಮೇಣವೋ ಜಿಡ್ಡೋ ಸವರಿರುತ್ತಾರೆ. ಒಂದೊಂದು ತಯಾರಕರದ್ದು ಒಂದೊಂದು ಬಗೆ. ಹಿಂದಿನ ಗುಂಡಿನ ಮೇಣ ಬ್ಯಾರೆಲ್‌ನಲ್ಲಿ ಕೂತಿರುತ್ತದೆ. ಹೊಸದು ಅದನ್ನು ಒರೆಸಿ ತನ್ನದನ್ನು ಸವರುವ ತನಕ ಗ್ರೂಪ್ ನೆಲೆ ನಿಲ್ಲುವುದಿಲ್ಲ. ಪರೀಕ್ಷೆಯ ನಡುವೆ ಬ್ಯಾರೆಲ್ ಕ್ಲೀನ್ ಮಾಡಬೇಡಿ, ಪ್ರತಿ ದಿನವೂ ಒಂದೇ ಸ್ಥಿತಿಯಿಂದ ಶುರು ಮಾಡಿ. ಕಾರ್ಟ್ರಿಜ್ ಬಾಕ್ಸ್ ನೆರಳಲ್ಲಿರಲಿ. ಬಿಸಿಲಲ್ಲಿ ಕಾದ ಗುಂಡಿನ ವೇಗ ಬೇರೆ, ತಣ್ಣಗಿನದ್ದರ ವೇಗ ಬೇರೆ. ಬಿಸಿಯಾದ ಚೇಂಬರ್‌ನಲ್ಲಿ ಗುಂಡು ಹಾಕಿ ಬಹಳ ಹೊತ್ತು ಕಾಯುವುದೂ ಬೇಡ.

ಮೊದಲ ದಿನ ಪ್ರತಿ ಬಗೆಗೆ ಐದು ಗುಂಡಿನ ಎರಡು ಗ್ರೂಪ್ ಸಾಕು. ಇಷ್ಟರಿಂದ ಒಳ್ಳೆಯದು ಯಾವುದು ಎಂದು ತಿಳಿಯುವುದಿಲ್ಲ, ತೀರಾ ಕೆಟ್ಟದ್ದು ತಿಳಿಯುತ್ತದೆ. ಅದನ್ನು ತೆಗೆದುಹಾಕಿ. ಉಳಿದವುಗಳಲ್ಲಿ ಮೇಲೆನಿಸಿದ ಎರಡು ಬಗೆಗೆ ತಲಾ 50 ಗುಂಡು, ಎರಡು ಬೇರೆ ದಿನಗಳಲ್ಲಿ, ಎರಡನೇ ದಿನ ಕ್ರಮ ತಿರುಗಿಸಿ. ಖರ್ಚು ಜಾಸ್ತಿ ಅನಿಸುತ್ತದೆ, ಅಲ್ವಾ? ಹೊಂದದ ಲಾಟ್ ಅನ್ನು ರಾಶಿ ಕೊಂಡು ಇಡೀ ವರ್ಷ ತಾಲೀಮು ಮಾಡುವುದಕ್ಕಿಂತ ಇದು ಎಷ್ಟೋ ಕಡಿಮೆ.

ಅಳೆಯುವಾಗ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಒಂದು ಒಂಟಿ ತೂತಿನ ಅಗಲ ಕಳೆಯಿರಿ. ಇದರ ಜೊತೆಗೆ ಗ್ರೂಪ್‌ನ ನಡುವಿನಿಂದ ಪ್ರತಿ ತೂತಿಗೂ ಇರುವ ದೂರದ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಮೊದಲ ಅಳತೆ ಐದರಲ್ಲಿ ಎರಡು ಗುಂಡಿನ ಮಾತನ್ನಷ್ಟೇ ಕೇಳುತ್ತದೆ, ಎರಡನೆಯದು ಐದರದ್ದೂ ಕೇಳುತ್ತದೆ. ಫೋಟೋದಿಂದ ಇದನ್ನು ಲೆಕ್ಕ ಹಾಕುವ ಆ್ಯಪ್‌ಗಳಿವೆ. ಕೊನೆಗೆ ಹತ್ತು ಗ್ರೂಪ್‌ಗಳ ಸರಾಸರಿ ಒಂದರದ್ದು 15, ಇನ್ನೊಂದರದ್ದು 16 ಬಂದರೆ ಅದನ್ನು ವ್ಯತ್ಯಾಸ ಎನ್ನಬೇಡಿ. ಆಗ ಎರಡರಲ್ಲೂ ಕೆಟ್ಟ ಗ್ರೂಪ್ ಯಾವುದು ನೋಡಿ. ನಾನು ಕೆಟ್ಟ ಗ್ರೂಪ್ ಚಿಕ್ಕದಿರುವ ಲಾಟ್ ಅನ್ನೇ ಆರಿಸುತ್ತೇನೆ. ಸ್ಪರ್ಧೆಯಲ್ಲಿ ಅಂಕ ಹೋಗುವುದು ಆ ಒಂದು ದೂರದ ಗುಂಡಿನಿಂದ.

ಒಂದು ಗುಂಡು ಮಾತ್ರ ದೂರ ಹಾರಿದರೆ ಅದನ್ನು ಬಿಟ್ಟು ಅಳೆಯುವ ಆಸೆಯಾಗುತ್ತದೆ. ಟಾರ್ಗೆಟ್ ನೋಡುವ ಮೊದಲೇ "ಟ್ರಿಗರ್ ಜಗ್ಗಿಬಿಟ್ಟೆ" ಎಂದು ನಿಮಗೆ ಗೊತ್ತಾಗಿದ್ದರೆ ಬಿಡಿ. ನೋಡಿದ ಮೇಲೆ ನೆನಪಾದದ್ದಾದರೆ ಎಣಿಸಿ.

ಕೇಸ್‌ನ ತಳದ ಅಂಚಿನ (ರಿಮ್) ದಪ್ಪ ಅಳೆದು, ತೂಕ ನೋಡಿ ಗುಂಡು ವಿಂಗಡಿಸುವವರಿದ್ದಾರೆ. ಇಡೀ ಕಾರ್ಟ್ರಿಜ್ ತೂಗಿದಾಗ ಹೆಚ್ಚು ಭಾರ ಸೀಸದ್ದೋ ಹಿತ್ತಾಳೆಯದ್ದೋ ತಿಳಿಯುವುದಿಲ್ಲ. ಆ ಹೊತ್ತನ್ನು ಇನ್ನೂ ಎರಡು ಗ್ರೂಪ್ ಹೊಡೆಯಲು ಬಳಸುವುದೇ ಮೇಲು ಎಂದು ನನ್ನ ಅಭಿಪ್ರಾಯ.

ದೊಡ್ಡ ಮಟ್ಟದ ಸ್ಪರ್ಧಿಗಳು ತಮ್ಮ ರೈಫಲ್ ಹೊತ್ತು ತಯಾರಕರ ಪರೀಕ್ಷಾ ರೇಂಜ್‌ಗೇ ಹೋಗುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಲಿ, ಜರ್ಮನಿಯ ಶೋನೆಬೆಕ್‌ನಲ್ಲಿ ಲಾಪುವಾ ಇಂಥ ವ್ಯವಸ್ಥೆ ಇಟ್ಟಿವೆ. ರೈಫಲ್ ಅನ್ನು ಹಿಡಿಕಟ್ಟಿಗೆ ಬಿಗಿದು, ಒಳಾಂಗಣದಲ್ಲಿ, ಎಲೆಕ್ಟ್ರಾನಿಕ್ ಟಾರ್ಗೆಟ್ ಇಟ್ಟು ಲಾಟ್ ಮೇಲೆ ಲಾಟ್ ಹೊಡೆದು ನೋಡುತ್ತಾರೆ. ಗುಂಡು ತಯಾರಿಸಿದವರಿಗೂ ಯಾವ ಲಾಟ್ ಯಾವ ಬ್ಯಾರೆಲ್‌ಗೆ ಹೊಂದುತ್ತದೆ ಎಂದು ಹೊಡೆಯದೆ ಹೇಳಲು ಆಗುವುದಿಲ್ಲ. ಹಾಗಾಗಿ ಗೆಳೆಯರ ರೈಫಲ್‌ಗೆ ಒಗ್ಗಿದ್ದು ನಿಮ್ಮದಕ್ಕೂ ಒಗ್ಗುತ್ತದೆ ಎಂದು ಸುಮ್ನೆ ಕೊಳ್ಳಬೇಡಿ.

ಇಷ್ಟು ಗುಂಡು ಹೊಡೆಯುವಾಗ ಒಂದೆರಡು ಸಿಡಿಯದೆ ಇರಬಹುದು. ಆಗ ನಳಿಗೆಯನ್ನು ಟಾರ್ಗೆಟ್ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ, ನಿಮ್ಮ ರೇಂಜ್‌ನ ನಿಯಮ ಇನ್ನೂ ಹೆಚ್ಚು ಹೇಳಿದರೆ ಅಷ್ಟು ಕಾಯಿರಿ. ಸದ್ದು ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರೆಲ್‌ನಲ್ಲೇ ಸಿಕ್ಕಿಕೊಂಡಿರಬಹುದು, ರೈಫಲ್ ಖಾಲಿ ಮಾಡಿ ಒಳಗೆ ನೋಡದೆ ಇನ್ನೊಂದು ಹೊಡೆಯಲೇಬಾರದು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಎಲ್ಲ ಸೀಸದ ಧೂಳು.

ಇನ್ನು ನಿಮ್ಮ ಹತ್ತಿರ ಈಗ ಇರುವ ಗುಂಡಿನ ವಿಷಯ. ಅದನ್ನು ಕೆಟ್ಟದ್ದೆಂದು ಬಿಸಾಡಬೇಡಿ. ಹಳೆಯ ನಾಲ್ಕು ಬಗೆಯಲ್ಲಿ ಎರಡನೇ ಸ್ಥಾನ ಬಂದದ್ದರ ಜೊತೆ ಇದನ್ನು ಮತ್ತೆ ಪರೀಕ್ಷೆಗೆ ಹಾಕಿ. ಈ ಸಲ ತಲಾ 50 ಗುಂಡು, ಎರಡು ದಿನ.