ಬುದ್ಧಿಮಾತಿಗೆ ಮೊದಲು ಒಂದು ಪ್ರಶ್ನೆ

ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಮಳೆಗೆ ರಜೆ ಅಂದ ಕೂಡಲೇ ಮಾಯ. ಏಳು–ಎಂಟನೆಯ ತರಗತಿಯ ಮಕ್ಕಳಲ್ಲಿ ಇದು ಮತ್ತೆ ಮತ್ತೆ ಕಂಡರೆ, ಡಾಕ್ಟರು ನೋಡಿ ಬೇರೆ ತೊಂದರೆಯಿಲ್ಲ ಎಂದಿದ್ದರೆ, ಒತ್ತಡವನ್ನು ವಿಚಾರಿಸಬೇಕು. ಅದು ನಾಟಕವಲ್ಲ, ನೋವು ನಿಜ.

ಎಸ್ಸೆಸ್ಸೆಲ್ಸಿಯಲ್ಲಿ 2024ಕ್ಕೆ ನಮ್ಮ ಕರಾವಳಿಯ ಉಡುಪಿ, 2025ಕ್ಕೆ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು. ಆ ಹೆಮ್ಮೆಯ ಭಾರ ಹತ್ತನೆಯ ತನಕ ಕಾಯುವುದಿಲ್ಲ. ಎಂಟನೆಗೆ ಹೊಸ ಹೈಸ್ಕೂಲು, ಕೆಲವರಿಗೆ ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಜಿಗಿತ, ಹಳೇ ಗೆಳೆಯರು ಬೇರೆ ಶಾಲೆಗೆ.

ಇಲ್ಲಿ ಮನೆಯವರು ಬೆಂಬಲ ಕೊಡುವುದಿಲ್ಲ ಎಂದಲ್ಲ, ಬೇಕಾದ್ದು ಬಿಟ್ಟು ಬೇರೆಯದನ್ನು ಕೊಡುತ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಗೆಳತಿಯರು ಜತೆಗೆ ಸೇರಿಸಿಕೊಳ್ಳದ ಹುಡುಗಿಗೆ ಗಣಿತದ ಟ್ಯೂಷನ್ ಹಾಕಿದರೆ ಏನು ಬಂತು? ಗಣಿತವೇ ತಲೆಗೆ ಹತ್ತದವನಿಗೆ 'ಧೈರ್ಯವಾಗಿರು' ಅಂದರೂ ಅಷ್ಟೇ. ಹಾಗಾಗಿ ಮೊದಲು ಕೇಳಿ: 'ನಾನು ಸುಮ್ಮನೆ ಕೇಳಿಸಿಕೊಂಡ್ರೆ ಸಾಕಾ, ಎಂತಾದ್ರೂ ಮಾಡ್ಬೇಕಾ?' ಎದುರು ಕೂರಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ. ಸ್ಕೂಟರಿನ ಹಿಂದೆ ಕೂತಾಗ, ತೆಂಗಿನಕಾಯಿ ತುರಿಯುವಾಗ ಮಾತು ತಾನಾಗಿ ಬರುತ್ತದೆ. ಹತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಗಲ್ಫಿನಲ್ಲಿರುವ ಅಪ್ಪನ ವಿಡಿಯೋ ಕಾಲ್ ಮಾರ್ಕಿನಿಂದ ಶುರುವಾದರೆ ಅಲ್ಲಿಗೇ ಮುಗಿಯಿತು. ನಿನ್ನೆ ಮಗ ಹೇಳಿದ್ದನ್ನೇ ಹಿಡಿದು ಕೇಳಲಿ.

ಭಾಷಣಕ್ಕೆ ಮುನ್ನ ಅಪ್ಪನೋ ಅಮ್ಮನೋ ಜತೆಗಿದ್ದು ತಯಾರಿ ಮಾಡಿಸಿದರೆ ಒಂಬತ್ತು–ಹತ್ತು ವರ್ಷದವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಲಿಲ್ಲ, ಹದಿನೈದು–ಹದಿನಾರರವರಲ್ಲಿ ಮಾತ್ರ ಆ ರಕ್ಷಣೆ ಸಿಗಲಿಲ್ಲ ಎಂದು 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತು. ನಮ್ಮ ಏಳು–ಎಂಟನೆಯ ಮಕ್ಕಳ ವಯಸ್ಸು ಹನ್ನೆರಡು–ಹದಿಮೂರು, ಇವೆರಡರ ನಡುವೆ. ಹೆತ್ತವರು ಬೇಡವೆಂದಲ್ಲ, ಅವರಷ್ಟೇ ಸಾಲದು. ಚಿಕ್ಕಮ್ಮ, ಸೋದರಮಾವ, ಪಿ.ಟಿ. ಮಾಸ್ಟ್ರು, ಯಕ್ಷಗಾನ ಕಲಿಸುವ ಗುರುಗಳು, ಇವರಲ್ಲಿ ಒಬ್ಬರಾದರೂ ಇರಲಿ. ಮಗು ಅವರಲ್ಲಿ ಹೇಳಿದ್ದು ಮರುದಿನ ಮನೆಯವರ ಬಾಯಲ್ಲಿ ಬಂದರೆ ಆ ಬಾಗಿಲು ಮುಚ್ಚಿತು. ಪ್ರಾಣಕ್ಕೆ ಅಪಾಯವಿರುವ ಮಾತನ್ನು ಮಾತ್ರ ಗುಟ್ಟಾಗಿ ಇಡಲಾಗದು. ಇದನ್ನು ಮಗುವಿಗೆ ಮೊದಲೇ ತಿಳಿಸಿರಬೇಕು.

ಗೆಳೆತನದಲ್ಲೂ ಒಂದು ಗುಂಡಿಯಿದೆ. ಒಂದೇ ಬೇಸರವನ್ನು ರಾತ್ರಿಯವರೆಗೆ ಮೆಲುಕು ಹಾಕುವ ಜೋಡಿಗಳಲ್ಲಿ ಸ್ನೇಹ ಗಟ್ಟಿಯಾಗುತ್ತದೆ, ಜತೆಗೆ ಆತಂಕವೂ. ಮಾತು ನಿಲ್ಲಿಸಬೇಡಿ, 'ಸರಿ, ನಾಳೆ ಮೊದಲು ಎಂತ ಮಾಡ್ತೀರಿ?' ಎಂದು ಕೇಳಿ, ಶಟಲ್ ಆಡಲು ಕಳಿಸಿ.

ನಿದ್ದೆ, ಊಟ ಕೆಟ್ಟು ಎರಡು ವಾರವಾದರೆ, ಗೆಳೆಯರನ್ನೂ ದೂರ ಮಾಡಿದರೆ ಮಾನಸಿಕ ತಜ್ಞರಿಗೆ ತೋರಿಸಿ. ಸಾಯುವ ಮಾತು, ಮೈಮೇಲೆ ಗಾಯ ಮಾಡಿಕೊಳ್ಳುವುದು ಕಂಡರೆ ಎರಡು ವಾರ ಕಾಯಬೇಡಿ: ಮಗುವನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.