ಭಿನ್ನಮತವಿದ್ದೂ ಒಂದಾದ ಸಭೆ: ರೋಮಾಪುರದವರಿಗೆ 14 ಮತ್ತು ದಕ್ಷಿಣ ಭಾರತ ಸಭೆ

ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಎದುರಿಸುವ ಜಗಳ ಊಟದ್ದು ಮತ್ತು ದಿನಗಳದ್ದು. ಕೆಲವರು ಕಾಯಿಪಲ್ಯ ಮಾತ್ರ ತಿನ್ನುತ್ತಿದ್ದರು, ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು. ಒಬ್ಬನಿಗೆ ಒಂದು ದಿನ ವಿಶೇಷವಾಗಿದ್ದರೆ ಇನ್ನೊಬ್ಬನಿಗೆ ಎಲ್ಲ ದಿನಗಳೂ ಸಮಾನವಾಗಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಯಾವ ಪದಾರ್ಥವೂ ತನ್ನಷ್ಟಕ್ಕೆ ಅಶುದ್ಧವಲ್ಲವೆಂದು ಪೌಲನಿಗೆ ದೃಢವಾದ ನಂಬಿಕೆಯಿತ್ತು (ವಚನ 14). ಹಾಗಿದ್ದರೂ ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂದು ಇಬ್ಬರನ್ನೂ ತಡೆಯುತ್ತಾನೆ; ಏಕೆಂದರೆ ದೇವರು ಆಗಲೇ ಆ ಮನುಷ್ಯನನ್ನು ಸೇರಿಸಿಕೊಂಡಿದ್ದಾನೆ. ವಾದ ಇತ್ಯರ್ಥವಾಗುವ ಮೊದಲೇ ಸೇರಿಸಿಕೊಳ್ಳುವುದು ಕೃಪೆಯ ಕ್ರಮ ಎಂಬುದೇ ಈ ಅಧ್ಯಾಯದ ತಿರುಳೆಂದು ನಾನು ಓದುತ್ತೇನೆ.

ಈ ಕ್ರಮವನ್ನು ಸಭೆಯ ಆಡಳಿತದಲ್ಲಿ ಜಾರಿಗೆ ತಂದ ನಿದರ್ಶನ ನಮ್ಮ ನೆಲದಲ್ಲಿಯೇ ಇದೆ. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ ಸೇರಿದ ಸಭಾಪಾಲಕರು, ಅವರಲ್ಲಿ ಬಹುಪಾಲು ಭಾರತೀಯರೇ, ಪಶ್ಚಿಮದಲ್ಲಿ ಹುಟ್ಟಿದ ಒಡಕುಗಳನ್ನು ತಾವು ಹೊತ್ತುಕೊಂಡಿರುವುದು ಸುವಾರ್ತೆಗೆ ಅಡ್ಡಿಯೆಂದು ಕಂಡುಕೊಂಡು ಐಕ್ಯಕ್ಕೆ ಕರೆಕೊಟ್ಟರು. ಅವರಲ್ಲಿ ಪ್ರಮುಖರಾದ ದೋರ್ಣಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯನವರು ಅದರ ಫಲವನ್ನು ಕಾಣದೆ 1945ರಲ್ಲಿ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲಿನಲ್ಲಿ ಆಂಗ್ಲಿಕನ್ನರು (ಇಂಗ್ಲೆಂಡಿನ ಸಭೆಯ ಪರಂಪರೆಯವರು), ಮೆಥೊಡಿಸ್ಟರು ಹಾಗೂ ದಕ್ಷಿಣ ಭಾರತ ಸಂಯುಕ್ತ ಸಭೆಯವರು (ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಮೊದಲೇ ಸೇರಿ ಆಗಿದ್ದ ಸಭೆ) ಒಂದಾಗಿ ದಕ್ಷಿಣ ಭಾರತ ಸಭೆಯಾದರು (ಸಿ.ಎಸ್.ಐ.).

ಇಷ್ಟು ವರ್ಷ ಹಿಡಿದದ್ದೇಕೆ? ಮುಖ್ಯ ತೊಡಕು ಬಿಷಪ್ ಪದವಿಯದು. ಬಿಷಪ್ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡದಿದ್ದರೆ ಸಭಾಪಾಲಕನ ಸೇವೆ ಪೂರ್ಣವಲ್ಲವೆಂದು ಅನೇಕ ಆಂಗ್ಲಿಕನ್ನರು ನಂಬಿದ್ದರು. ಕರ್ತನು ತಮ್ಮ ಸೇವೆಯನ್ನು ಆಗಲೇ ಆಶೀರ್ವದಿಸಿರುವಾಗ ಮತ್ತೊಮ್ಮೆ ದೀಕ್ಷೆ ಪಡೆಯುವುದು ಆತನ ಕೆಲಸವನ್ನೇ ಅಲ್ಲಗಳೆದಂತೆ ಎಂದು ಉಳಿದವರು ಹೇಳಿದರು. ಕೊನೆಗೆ ಎಲ್ಲರೂ ಬಿಷಪ್ ಪದವಿಯನ್ನು ಒಪ್ಪಿಕೊಂಡರು, ಆದರೆ ಅದರ ಬಗ್ಗೆ ಒಂದೇ ವ್ಯಾಖ್ಯಾನವನ್ನು ಯಾರ ಮೇಲೂ ಹೇರಲಿಲ್ಲ. ಮುಂದಿನ ದೀಕ್ಷೆಗಳೆಲ್ಲ ಬಿಷಪರಿಂದಲೇ ನಡೆಯಬೇಕೆಂದು ನಿಶ್ಚಯಿಸಿ, ಅದಾಗಲೇ ಸೇವೆಯಲ್ಲಿದ್ದವರನ್ನು ಮರುದೀಕ್ಷೆಯಿಲ್ಲದೆ ಹಾಗೆಯೇ ಸ್ವೀಕರಿಸಿದರು. ಜೊತೆಗೆ, ಮನಸ್ಸಾಕ್ಷಿಯಿಂದ ವಿರೋಧಿಸುವ ಯಾವ ಸ್ಥಳೀಯ ಸಭೆಯ ಮೇಲೂ ಅದು ಒಪ್ಪದ ಆರಾಧನಾಕ್ರಮವನ್ನಾಗಲಿ ಸೇವಕರನ್ನಾಗಲಿ ಹೇರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ನನಗೆ ಇಡೀ ಒಪ್ಪಂದದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಈ ಪ್ರತಿಜ್ಞೆಯೇ, ಏಕೆಂದರೆ ಇಲ್ಲಿ ಬಹುಮತವು ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಐಕ್ಯಕ್ಕೆ ಬಂದ ನಾಲ್ಕು ಆಂಗ್ಲಿಕನ್ ಡಯಾಸಿಸ್‌ಗಳು (ಒಬ್ಬೊಬ್ಬ ಬಿಷಪರ ಆಡಳಿತಕ್ಕೊಳಪಟ್ಟ ಪ್ರಾಂತಗಳು) ತಮ್ಮ ಹಳೆಯ ಜಾಗತಿಕ ಆಂಗ್ಲಿಕನ್ ಒಕ್ಕೂಟದ ಸದಸ್ಯತ್ವವನ್ನು ಬಿಟ್ಟುಬರಬೇಕಾಯಿತು. ಆಂಧ್ರದ ನಂದ್ಯಾಲ ಭಾಗದಲ್ಲಿ ಬಹಳ ಮಂದಿ ವಿಶ್ವಾಸಿಗಳು ಐಕ್ಯದ ಹೊರಗೇ ಉಳಿದರು. ಹೊರಗುಳಿದವರ ಮನಸ್ಸಾಕ್ಷಿಯನ್ನೂ 14ನೆಯ ಅಧ್ಯಾಯದ ಬೆಳಕಿನಲ್ಲಿಯೇ ನೋಡಬೇಕಾದದ್ದು ನ್ಯಾಯ.

ಬೆಂಗಳೂರಿನಲ್ಲಿರುವ ಓದುಗರು ಇದನ್ನು ಕಣ್ಣಾರೆ ನೋಡಬಹುದು. ಮೂಲತಃ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು, ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮೆಥೊಡಿಸ್ಟರದು, ರೈಸ್ ಸ್ಮಾರಕ ದೇವಾಲಯ ದಕ್ಷಿಣ ಭಾರತ ಸಂಯುಕ್ತ ಸಭೆಗೆ ಸೇರಿದ್ದ ಲಂಡನ್ ಮಿಷನ್ನಿನದು. ಈಗ ಮೂರೂ ಒಂದೇ ಡಯಾಸಿಸ್ಸಿಗೆ ಸೇರಿವೆ, ಮೂರಕ್ಕೂ ಒಬ್ಬರೇ ಬಿಷಪ್.