ಆಂಪ್ಸ್ ಆಮೇಲೆ, ಮೊದಲು ಸ್ಕೇಲ್ ತನ್ನಿ

"ಸಾರ್, ಸ್ಟಡ್ ಸರಿಯಾಗಿ ಕೂರ್ತಿಲ್ಲ. ಆಂಪ್ಸ್ ಎಷ್ಟಕ್ಕೆ ಏರಿಸ್ಲಿ?"

ಸೈಟಿನಿಂದ ಬರುವ ಹೆಚ್ಚಿನ ಫೋನುಗಳು ಹೀಗೇ ಶುರುವಾಗುತ್ತವೆ. ನಾನು ತಿರುಗಿ ಕೇಳುವುದೂ ಒಂದೇ ಮಾತು: "ಸ್ಟಡ್ ತುದಿ ಪಿಂಗಾಣಿ ರಿಂಗ್‌ನಿಂದ ಎಷ್ಟು ಹೊರಗಿದೆ?" ಆ ಕಡೆ ಸದ್ದೇ ಇರುವುದಿಲ್ಲ. ಯಾರೂ ಅಳೆದಿರುವುದಿಲ್ಲ. ಸ್ಟಡ್ ವೆಲ್ಡ್ ಮಾಡುವ ಗನ್ನು ಪೆಟ್ಟಿಗೆಯಿಂದ ಹೇಗೆ ಬಂತೋ ಹಾಗೇ ಹಿಡಿದು ಹೊಡೆಯುತ್ತಿರುತ್ತಾರೆ.

ನಾನು ಹೇಳುತ್ತಿರುವುದು ಉಕ್ಕಿನ ಬೀಮ್ ಮೇಲೆ ಸಾಲಾಗಿ ನಿಲ್ಲಿಸುವ 19 ಮಿ.ಮೀ. ತಲೆಯುಳ್ಳ ಸ್ಟಡ್ ಬಗ್ಗೆ. ಮೇಲೆ ಹಾಕುವ ಕಾಂಕ್ರೀಟು ಬೀಮ್ ಬಿಟ್ಟು ಜಾರದ ಹಾಗೆ ಹಿಡಿದಿಡುವುದು ಇದೇ. ತೆಳು ತಗಡಿಗೆ ಹೊಡೆಯುವ ಸಣ್ಣ ಕೆಪಾಸಿಟರ್ ಮಷೀನಿನ ಲೆಕ್ಕವೇ ಬೇರೆ, ಅದು ಇಲ್ಲಿ ಬೇಡ.

ಟ್ರಿಗರ್ ಒತ್ತಿದಾಗ ಏನಾಗುತ್ತೆ ನೋಡಿ. ಗನ್ನಿನೊಳಗಿನ ಕಾಯಿಲ್ ಸ್ಟಡ್ಡನ್ನು ಸುಮಾರು 3 ಮಿ.ಮೀ. ಮೇಲೆ ಎತ್ತುತ್ತೆ. ಆ ಸಂದಿಯಲ್ಲಿ ಆರ್ಕ್ ಹತ್ತಿಕೊಳ್ಳುತ್ತೆ. ಸ್ಟಡ್ ತುದಿಯೂ ಬೀಮಿನ ಮೈಯೂ ಕರಗುತ್ತವೆ. ಸ್ಟಡ್ ತುದಿಯ ಸುತ್ತ ತೊಡಿಸಿದ ಪಿಂಗಾಣಿ ರಿಂಗ್ ಆ ಕರಗಿದ ಉಕ್ಕು ಹರಿದುಹೋಗದಂತೆ ತಡೆಯುತ್ತೆ. 19 ಮಿ.ಮೀ. ಸ್ಟಡ್ಡಿಗೆ ಇದೆಲ್ಲ ಹೆಚ್ಚುಕಡಿಮೆ ಒಂದು ಸೆಕೆಂಡಿನ ಆಟ, 1500 ಆಂಪ್ಸ್‌ಗೂ ಮೇಲಿನ ಕರೆಂಟಿನಲ್ಲಿ. ಕರೆಂಟ್ ನಿಲ್ಲುವ ಹೊತ್ತಿಗೆ ಸ್ಪ್ರಿಂಗ್ ಸ್ಟಡ್ಡನ್ನು ಆ ಕರಗಿದ ಗುಂಡಿಯೊಳಗೆ ತಳ್ಳುತ್ತೆ.

ಎಷ್ಟು ಆಳಕ್ಕೆ ತಳ್ಳುತ್ತೆ? ಅಲ್ಲೇ ಇರುವುದು ಎಲ್ಲ. ಗನ್ ಒತ್ತದೆ ಸುಮ್ನೆ ಕೈಯಲ್ಲಿ ಹಿಡಿದಾಗ ಸ್ಟಡ್ ತುದಿ ರಿಂಗ್‌ನಿಂದ ಎಷ್ಟು ಹೊರಗಿರುತ್ತೋ, ತಳ್ಳುವುದಕ್ಕೆ ಅಷ್ಟೇ ಜಾಗ. 19 ಮಿ.ಮೀ.ಗೆ ಬರೀ ಬೀಮ್ ಮೇಲಾದರೆ 5-6 ಮಿ.ಮೀ. ಇಟ್ಟು ಶುರು ಮಾಡಬಹುದು. ಬೀಮ್ ಮೇಲೆ ಹಾಸಿದ ತಗಡು, ಅಂದರೆ ಡೆಕ್ ಶೀಟ್, ತೂರಿ ಹೊಡೆಯುವಾಗ ಸ್ವಲ್ಪ ಜಾಸ್ತಿ ಬೇಕು. ನಿಮ್ಮ ಮಷೀನಿನ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ನಡೆಯಲಿ, ನನ್ನದಲ್ಲ. ಆದರೆ ಅಲ್ಲಿ 1 ಮಿ.ಮೀ. ಮಾತ್ರ ಇದ್ದರೆ ಆಂಪ್ಸ್ ಎಷ್ಟು ಏರಿಸಿದರೂ ಸ್ಟಡ್ ಕರಗಿದ ಉಕ್ಕನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲುತ್ತೆ. ಮೇಲಿನಿಂದ ನೋಡಿದರೆ ವೆಲ್ಡ್ ಆದ ಹಾಗೇ ಕಾಣುತ್ತೆ. ಸುತ್ತಿಗೆ ತಾಗಿಸಿದರೆ ಉರುಳುತ್ತೆ.

ಬೆಳಿಗ್ಗೆ ಇಟ್ಟ ಅಳತೆ ಸಂಜೆವರೆಗೆ ಇರುತ್ತೆ ಅಂತಲೂ ನಂಬಬೇಡಿ. ಗನ್ನಿನ ಕಾಲುಗಳ ಸ್ಕ್ರೂ ಹೊಡೆತಕ್ಕೆ ಸಡಿಲವಾಗುತ್ತವೆ. ಆಗ ಸ್ಟಡ್ ರಿಂಗ್‌ನ ನಡುಮಧ್ಯ ಬಿಟ್ಟು ಒಂದು ಕಡೆ ಉಜ್ಜುತ್ತೆ. ಉಜ್ಜಿದರೆ ಎತ್ತುವುದೂ ಸರಿಯಾಗದು, ಇಳಿಯುವುದೂ ಆಗದು.

ನನ್ನ ಹತ್ತಿರ ಕಲಿತ ಗದಗ ಕಡೆಯ ಹುಡುಗನೊಬ್ಬನಿದ್ದಾನೆ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡಿಗೆ 5 ಮಿ.ಮೀ.ಗೊಂದು ಗೆರೆ ಕೊರೆದು ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ಪ್ರತಿ ಬೀಮ್ ಶುರು ಮಾಡುವಾಗಲೂ ಅದನ್ನು ರಿಂಗ್ ಪಕ್ಕ ಹಿಡಿದು ನೋಡುತ್ತಾನೆ. ಅದನ್ನು ಮರೆತು ಬಂದ ದಿನ ಕೆಲಸ ನಿಲ್ಲಿಸಿ, "ಅಳತಿ ಇಲ್ದ ಹೊಡ್ಯಂಗಿಲ್ರೀ ಸರ" ಅಂತ ಕೂತುಬಿಟ್ಟಿದ್ದ. ಸೂಪರ್‌ವೈಸರ್ ಕೂಗಾಡಿದ. ನನಗೆ ಮಾತ್ರ ಖುಷಿಯಾಯಿತು.

ಇನ್ನೊಂದು ಕಡೆ ಹೊಸ ಇಂಜಿನಿಯರ್ ಒಬ್ಬರು ವೆಲ್ಡ್ ಆದ ಸ್ಟಡ್ ಅಳೆದು, "5 ಮಿ.ಮೀ. ಕಡಿಮೆ ಇದೆ, ಸಪ್ಲೈಯರ್ ಮೋಸ ಮಾಡಿದ್ದಾನೆ" ಅಂತ ಇಡೀ ಲೋಡ್ ವಾಪಸ್ ಕಳಿಸಲು ಹೊರಟಿದ್ದರು. ಅಯ್ಯೋ, ಆ 5 ಮಿ.ಮೀ. ಕರಗಿ ಬುಡದ ಸುತ್ತ ಬಳೆಯಾಗಿ ಕೂತಿದೆ, ಅಲ್ವಾ! 19 ಮಿ.ಮೀ. ಸ್ಟಡ್ ಸುಮಾರು ಅಷ್ಟು ಕುಗ್ಗಲೇಬೇಕು. ನಿಜ ಹೇಳಬೇಕೆಂದರೆ ಅವರು ತಿಳಿಯದೆ ಮಾಡಿದ್ದು ಒಳ್ಳೆಯ ಪರೀಕ್ಷೆಯೇ. ಕುಗ್ಗದೆ ಉದ್ದವಾಗಿಯೇ ಉಳಿದಿದ್ದರೆ ಶಾಖ ಸಾಲಲಿಲ್ಲ, ಇಲ್ಲವೇ ಸ್ಟಡ್ ಇಳಿಯದೆ ಮೇಲೇ ಸಿಕ್ಕಿಕೊಂಡಿದೆ. ತೀರ ಕುಗ್ಗಿ ಸುತ್ತ ಕಿಡಿಯೆಲ್ಲ ಎರಚಿದ್ದರೆ ಶಾಖ ಅತಿಯಾಗಿದೆ. ಈಗ ಆಂಪ್ಸ್ ಮುಟ್ಟಿ, ಬೇಡ ಅನ್ನುವುದಿಲ್ಲ.

ಬಳೆ ಒಂದೇ ಕಡೆ ವಾಲಿದ್ದರೆ ಬೀಮಿಗೆ ಕಚ್ಚಿಸಿದ ಅರ್ಥ್ ಕ್ಲಾಂಪ್ ನೋಡಿ. ಒಂದೇ ಮೂಲೆಗೆ ಕಚ್ಚಿಸಿದರೆ ಆರ್ಕ್ ಪಕ್ಕಕ್ಕೆ ಎಳೆಯುತ್ತೆ. ಎರಡು ಕ್ಲಾಂಪ್ ಎದುರುಬದುರು ಹಾಕಿದರೆ ಬಹಳ ಸಲ ಅಲ್ಲಿಗೇ ಸರಿಹೋಗುತ್ತೆ. ಬಣ್ಣದ ಮೇಲೆ, ತುಕ್ಕಿನ ಮೇಲೆ ಕ್ಲಾಂಪ್ ಹಾಕಬಾರದು ಎಂದು ಬೇರೆ ಹೇಳಬೇಕೇ? ಮಳೆಯಲ್ಲಿ ಒದ್ದೆಯಾದ ರಿಂಗ್‌ಗಳನ್ನು 120 ಡಿಗ್ರಿಯ ಓವನ್‌ನಲ್ಲಿ 2 ಗಂಟೆ ಒಣಗಿಸಬೇಕು. ಬಿಸಿಲಿಗೆ ಹರವಿದರೆ ಸಾಲದು.

ಇನ್ನೊಂದು ಮಾತು. ಸದ್ದು ನಿಂತ ತಕ್ಷಣ ಗನ್ ಎತ್ತುವವರಿದ್ದಾರೆ. ಒಳಗೆ ಉಕ್ಕು ಇನ್ನೂ ಪಾಯಸದ ಹಾಗಿರುತ್ತೆ. ಒಂದೆರಡು ಉಸಿರು ಅಲುಗಾಡದೆ ಹಿಡಿದಿರಿ, ಆಮೇಲೆ ನೇರವಾಗಿ ಮೇಲಕ್ಕೆ ಎಳೆಯಿರಿ.

ಪ್ರತಿ ಪಾಳಿ ಶುರುವಾಗುವಾಗ ಮೊದಲ ಎರಡು ಸ್ಟಡ್ ಹೊಡೆದು, ತಣ್ಣಗಾದ ಮೇಲೆ ರಿಂಗ್ ಒಡೆದು ನೋಡಿ. ಬಳೆ ಸುತ್ತಲೂ ತುಂಬಿರಬೇಕು. ಆಮೇಲೆ ಸುತ್ತಿಗೆಯಿಂದ, ಇಲ್ಲವೇ ಪೈಪ್ ತೂರಿಸಿ 30 ಡಿಗ್ರಿ ಬಗ್ಗಿಸಿ. ಅಮೆರಿಕದ ವೆಲ್ಡಿಂಗ್ ಸಂಹಿತೆ ಎಡಬ್ಲ್ಯುಎಸ್ ಡಿ1.1 ಕೇಳುವುದೂ ಇದನ್ನೇ. ನಿಮ್ಮ ಕಾಂಟ್ರಾಕ್ಟಿನಲ್ಲಿ ಬೇರೆ ಸಂಹಿತೆ ಇದ್ದರೆ ಕೋನ ಬೇರೆ ಇರಬಹುದು, ಕನ್ಸಲ್ಟೆಂಟರನ್ನು ಕೇಳಿಕೊಳ್ಳಿ. ಮುಂದಿನ ಸಾಲಿನಲ್ಲಿ ಯಾವುದಾದರೂ ಸ್ಟಡ್ಡಿಗೆ ಬಳೆ ಪೂರ್ತಿ ಬರದಿದ್ದರೆ, ಬಳೆ ಇಲ್ಲದ ಕಡೆಯಿಂದ ಎದುರು ದಿಕ್ಕಿಗೆ 15 ಡಿಗ್ರಿ ಬಗ್ಗಿಸಿ. ಬಿರುಕು ಬಿಡದಿದ್ದರೆ ಪಾಸು.

ಪಾಸಾದದ್ದನ್ನು ದಯವಿಟ್ಟು ಹಾಗೇ ಬಿಡಿ. ಚೆಂದ ಕಾಣಲಿ ಅಂತ ಮತ್ತೆ ಹೊಡೆದು ನೆಟ್ಟಗೆ ಮಾಡುವವರನ್ನು ನೋಡಿದ್ದೇನೆ. ನಾಳೆ ಅದರ ಮೇಲೆ ಕಾಂಕ್ರೀಟ್ ಬೀಳುತ್ತೆ, ಸೊಟ್ಟಗಿದ್ದರೆ ಯಾರಿಗೆ ಕಾಣುತ್ತೆ?